ಉತ್ತರೆಯ ಮಳೆ ಮತ್ತು ಉತ್ತರ ಧ್ರುವ

"ಅಲ್ರೀ, ಉತ್ತರ ಧ್ರುವದಾಗ ಬರ್ಫ ಕರಗಿದ್ರ ನಮ್ಮ ಬದಾಮಿಗೆ ಸಮುದ್ರ ಬರ್ತದೇನ್ರೀ?"

ಬಾಗಲಕೋಟೆಯ ನವನಗರದ ಒಂದು ಮನೆಯ ಪಡಸಾಲೆಯಲ್ಲಿ, ಚಹದ ಕಪ್ಪನ್ನು ಕೆಳಗಿಡುತ್ತ ಈ ಪ್ರಶ್ನೆ ಕೇಳಿದವರು ಓದುಬರಹ ಅರಿಯದವರಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾದ ಮಾಸ್ತರರು. ಕುಳಿತಿದ್ದ ನಾಲ್ಕು ಜನ ನಕ್ಕರು, ನಾನೂ ನಕ್ಕೆ. ಮನೆಗೆ ಬರುವ ದಾರಿಯಲ್ಲಿ ಆ ನಗುವಿನ ಬಗ್ಗೆ ನಾಚಿಕೆಯಾಯಿತು. ಈ ಲೇಖನ ಆ ನಾಚಿಕೆಯ ಫಲ.

ಮಾಸ್ತರರ ಲೆಕ್ಕದಲ್ಲಿ ತಪ್ಪಿಲ್ಲವೆಂಬುದನ್ನು ಮೊದಲೇ ಒಪ್ಪಿಬಿಡೋಣ. ಜಗತ್ತಿನ ಹಿಮವೆಲ್ಲ ಕರಗಿ ನೀರಾದರೂ ಸಮುದ್ರ ಏರುವುದು ಎಪ್ಪತ್ತು ಮೀಟರಿನ ಒಳಗೆ. ಬಾದಾಮಿ ಐನೂರು ಮೀಟರಿಗಿಂತ ಎತ್ತರದಲ್ಲಿದೆ. ನೀರು ಬಂದು ಹೋದ ಕಥೆ ಅಲ್ಲಿಯ ಬಂಡೆಗಳಿಗೆ ಹಳೆಯದು. ಚಾಲುಕ್ಯರು ಗುಹೆ ಕೊರೆದ ಆ ಕೆಂಪು ಮರಳುಗಲ್ಲಿನಲ್ಲಿ ತೆರೆ ಸರಿದ ಗುರುತುಗಳು ಇಂದಿಗೂ ಕಾಣುತ್ತವೆ. ಮಂಗಳೇಶ 578ರಲ್ಲಿ ಶಾಸನ ಹಾಕಿಸುವುದಕ್ಕೆ ಕೋಟಿಗಟ್ಟಲೆ ವರ್ಷ ಮೊದಲೇ ನೀರು ತನ್ನ ಶಾಸನವನ್ನು ಅಲ್ಲಿ ಬರೆದು ಹೋಗಿತ್ತು. ಈ ನಾಡಿನ ಶಿಲಾಸ್ತೋಮಕ್ಕೆ 'ಕಲಾದಗಿ'ಯ ಹೆಸರನ್ನು ಭೂವಿಜ್ಞಾನದಲ್ಲಿ ನಿಲ್ಲಿಸಿದ ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ಪ್ರಕಟಿಸಿದ ವರದಿಯನ್ನು ಮಾಸ್ತರರು ಓದಿರಲೂ ಸಾಕು.

ಆದುದರಿಂದ ಲೆಕ್ಕ ಸರಿ, ಪ್ರಶ್ನೆಯೇ ತಪ್ಪು. ಸಮುದ್ರ ನಮ್ಮೂರಿಗೆ ಪ್ರತಿ ವರ್ಷವೂ ಬರುತ್ತದೆ. ಅದಕ್ಕೆ ನಾವು ಮಳೆಗಾಲವೆನ್ನುತ್ತೇವೆ. ಬಂದರೆ ಜೋಳ, ಬಾರದಿದ್ದರೆ ಬರಗಾಲ, ಒಮ್ಮೆಲೇ ಬಂದರೆ ಮಹಾಪೂರ. ಧ್ರುವದ ಹಿಮ ಕರಗಿದರೆ ಈ ಬರುವಿಕೆಯ ವೇಳೆ ಅಳತೆಗಳು ಏನಾದಾವು ಎಂಬುದು ಕೇಳಬೇಕಾದ ಪ್ರಶ್ನೆ. ಅದನ್ನು ಕೇಳುವವರು ಕಡಿಮೆ.

ವಿಷಯ ಕಠಿಣವೇನೂ ಅಲ್ಲ. ಅಟ್ಲಾಂಟಿಕ್ ಸಾಗರದಲ್ಲಿ ಬೆಚ್ಚಗಿನ, ಉಪ್ಪು ಹೆಚ್ಚಾದ ನೀರು ಮೇಲ್ಮೈಯಲ್ಲಿ ಉತ್ತರಕ್ಕೆ ಹರಿಯುತ್ತದೆ. ಗ್ರೀನ್‌ಲೆಂಡಿನ ಆಸುಪಾಸಿನಲ್ಲಿ ತಣ್ಣಗಾಗಿ, ಭಾರವಾಗಿ, ತಳಕ್ಕೆ ಇಳಿದು, ಆಳದಲ್ಲಿ ದಕ್ಷಿಣಕ್ಕೆ ಮರಳುತ್ತದೆ. ಬಾವಿಯ ರಾಟೆ ಇದ್ದಂತೆ: ಒಂದು ಕೊಡ ಇಳಿದರೆ ಇನ್ನೊಂದು ಏರಬೇಕು. 2004ರಿಂದ ಈ ಪ್ರವಾಹವನ್ನು 26ನೆಯ ಉತ್ತರ ಅಕ್ಷಾಂಶದ ಬಳಿ ಯಂತ್ರಗಳನ್ನು ಇಳಿಬಿಟ್ಟು ಅಳೆಯುತ್ತಿದ್ದಾರೆ. ಸೆಕೆಂಡಿಗೆ ಸುಮಾರು 1 ಕೋಟಿ 70 ಲಕ್ಷ ಘನಮೀಟರ್ ನೀರು. ಈ ಅಂಕಿ ಕೇಳಿ ತಲೆ ಅಲ್ಲಾಡಿಸಿ ಸುಮ್ಮನಾಗುವುದು ಬೇಡ. ಲೆಕ್ಕ ನಮ್ಮ ಅಳತೆಯಲ್ಲೇ ಆಗಲಿ. ಹಳೆಯ ಬಾಗಲಕೋಟೆಯ ಓಣಿಗಳನ್ನು ನುಂಗಿ ನಿಂತ ಆಲಮಟ್ಟಿ ಜಲಾಶಯ ತುಂಬಿದಾಗ ಹಿಡಿಯುವುದು 123 ಟಿ.ಎಂ.ಸಿ. ಅಟ್ಲಾಂಟಿಕದ ಈ ಪ್ರವಾಹಕ್ಕೆ ಅದನ್ನು ತುಂಬಲು ಮೂರೂವರೆ ನಿಮಿಷ ಸಾಕು.

ಗ್ರೀನ್‌ಲೆಂಡಿನ ನೆಲದ ಮೇಲಿನ ಹಿಮ ಈ ಶತಮಾನದ ಆರಂಭದಿಂದೀಚೆಗೆ ಸರಾಸರಿ ವರ್ಷಕ್ಕೆ 27,000 ಕೋಟಿ ಟನ್ನಿನಷ್ಟು ಕರಗಿ ಸಮುದ್ರ ಸೇರುತ್ತಿದೆ. ಪ್ರತಿ ವರ್ಷ ಎಪ್ಪತ್ತೈದಕ್ಕೂ ಹೆಚ್ಚು ಆಲಮಟ್ಟಿಗಳಷ್ಟು ಸಿಹಿನೀರು! ಸಿಹಿನೀರು ಉಪ್ಪುನೀರಿಗಿಂತ ಹಗುರ. ಅದು ತಳಕ್ಕೆ ಇಳಿಯದು. ಇಳಿಯುವ ಕೊಡ ಹಗುರವಾದರೆ ರಾಟೆ ನಿಧಾನವಾಗಬೇಕಷ್ಟೆ. ಅದು ಈಗಾಗಲೇ ನಿಧಾನವಾಗಿದೆಯೇ ಎಂಬುದರಲ್ಲಿ ವಿಜ್ಞಾನಿಗಳಿಗೆ ಒಮ್ಮತವಿಲ್ಲ. ಈ ಶತಮಾನದಲ್ಲಿ ಕುಗ್ಗುವುದು ಬಹುಮಟ್ಟಿಗೆ ಖಚಿತವೆಂದೂ, 2100ರೊಳಗೆ ಹಠಾತ್ತನೆ ಕುಸಿದು ಬೀಳಲಾರದೆಂದು ಸಾಧಾರಣ ಭರವಸೆಯಿಂದ ಹೇಳಬಹುದೆಂದೂ 2021ರಲ್ಲಿ ಐ.ಪಿ.ಸಿ.ಸಿ. ವರದಿ ಹೇಳಿತು. 'ಸಾಧಾರಣ ಭರವಸೆ'ಯ ಮೇಲೆ ನಮ್ಮಲ್ಲಿ ಯಾರೂ ಮಗಳನ್ನು ಕೊಡುವುದಿಲ್ಲ.

ಇಲ್ಲಿ ನನ್ನ ಮೊದಲ ತಕರಾರು ಪತ್ರಿಕೆಗಳ ಮೇಲೆ. ಈ ಪುಟವೂ ಸೇರಿದಂತೆ. ಈ ಸುದ್ದಿ ಬಂದಾಗಲೆಲ್ಲ ನಾವು ಅಚ್ಚು ಹಾಕುವುದೇನು? ಲಂಡನ್ನಿನಲ್ಲಿ ಚಳಿ, ಯುರೋಪಿಗೆ ಹಿಮಯುಗ! ಅವರ ಭಯ ಅವರಿಗೆ ನ್ಯಾಯವಾದುದೇ. ಆದರೆ ಹುನಗುಂದದ ರೈತ ಯುರೋಪಿನ ಚಳಿಯನ್ನು ಭಾಷಾಂತರದಲ್ಲಿ ಓದಿ ಏಕೆ ನಡುಗಬೇಕು? ಅದೇ ವರದಿ ಮತ್ತೊಂದು ಮಾತನ್ನೂ ಹೇಳಿದೆ: ಆ ಪ್ರವಾಹ ಕುಸಿದರೆ ಉಷ್ಣವಲಯದ ಮಳೆಯ ಪಟ್ಟಿ ದಕ್ಷಿಣಕ್ಕೆ ಸರಿದೀತು, ಏಷ್ಯದ ಮತ್ತು ಆಫ್ರಿಕದ ಮಾನ್ಸೂನುಗಳು ಬಲಗುಂದಿಯಾವು. ಇದು ಬರಿಯ ಕಲ್ಪನೆಯಲ್ಲ. ಸುಮಾರು 12,900 ವರ್ಷಗಳ ಹಿಂದೆ ಉತ್ತರದ ನಾಡುಗಳು ಹಠಾತ್ತಾಗಿ ತಣ್ಣಗಾಗಿ ಸಾವಿರ ವರ್ಷಕ್ಕೂ ಮೀರಿ ಹಾಗೆಯೇ ಉಳಿದವು; ಕರಗಿದ ಹಿಮದ ನೀರು ಅಟ್ಲಾಂಟಿಕಕ್ಕೆ ನುಗ್ಗಿದ್ದೇ ಕಾರಣವೆಂಬುದು ಹೆಚ್ಚಿನವರ ಊಹೆ. ಅದೇ ಕಾಲದಲ್ಲಿ ನಮ್ಮ ಮಾನ್ಸೂನು ಸೊರಗಿದ್ದನ್ನು ಮೇಘಾಲಯದ ಮಾವ್ಮ್ಲುಹ್ ಗುಹೆಯ ಸುಣ್ಣಗಲ್ಲುಗಳು ಪದರಪದರವಾಗಿ ಬರೆದಿಟ್ಟಿವೆ. ಯುರೋಪಿನವನು ಕಂಬಳಿ ಹುಡುಕಿದ ಕಾಲದಲ್ಲಿ ಈ ನೆಲ ನೀರಿಗೆ ಬಾಯಿಬಿಟ್ಟಿತ್ತು.

"ಅದೆಲ್ಲ ದೂರದ ಮಾತು" ಎನ್ನುವವರು ಹುಬ್ಬಳ್ಳಿಯಲ್ಲಿ ರೈಲು ಹತ್ತಿ ವಾಸ್ಕೋದಲ್ಲಿ ಇಳಿಯಲಿ. ನಮ್ಮ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನ ಕೇಂದ್ರ ಇರುವುದು ಅಲ್ಲಿ. 2008ರಲ್ಲಿ ಉತ್ತರ ಧ್ರುವ ಪ್ರದೇಶದ ಸ್ವಾಲ್ಬಾರ್ಡಿನಲ್ಲಿ ಆರಂಭವಾದ 'ಹಿಮಾದ್ರಿ' ಎಂಬ ನಮ್ಮ ಠಾಣ್ಯವನ್ನು ನಡೆಸುತ್ತಿರುವವರೂ ಇವರೇ. ಇಲ್ಲಿಯ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಹೇಳುವುದಿಷ್ಟು: ರಶಿಯದ ಉತ್ತರಕ್ಕಿರುವ ಕಾರಾ ಸಮುದ್ರದಲ್ಲಿ ಬೇಸಗೆಯ ಹಿಮ ಕಡಿಮೆಯಾದ ವರ್ಷಗಳಲ್ಲಿ ಮೇಲಿನ ಗಾಳಿಯ ಅಲೆಗಳು ಬದಲಾಗಿ, ಬಿಸಿಯಾದ ಅರಬ್ಬೀ ಸಮುದ್ರದ ತೇವವೂ ಕೂಡಿ, ಸೆಪ್ಟೆಂಬರಿನಲ್ಲಿ ಭಾರತದ ಮಧ್ಯ-ಪಶ್ಚಿಮ ಭಾಗದಲ್ಲಿ ವಿಪರೀತ ಮಳೆಯ ಸಂಭವ ಹೆಚ್ಚುತ್ತದೆ. ಬಾದಾಮಿಯ ಹೆಸರು ಅದರಲ್ಲಿಲ್ಲ. ಇದೆಯೆಂದು ಸಾಧಿಸುವ ಚಪಲವೂ ನನಗಿಲ್ಲ. ಆದರೆ 'ಸೆಪ್ಟೆಂಬರ್' ಎಂಬ ಶಬ್ದದ ಮುಂದೆ ನನ್ನ ಕಣ್ಣು ನಿಂತಿತು.

ಸೆಪ್ಟೆಂಬರೆಂದರೆ ಉತ್ತರೆ, ಅದರ ಕೊನೆಗೆ ಹಸ್ತ. ವರ್ಷಕ್ಕೆ ಆರುನೂರು ಮಿಲಿಮೀಟರೂ ಮಳೆಯಾಗದ ನಮ್ಮ ಜಿಲ್ಲೆಯಲ್ಲಿ ಹೆಚ್ಚು ಮಳೆಯ ತಿಂಗಳು ಅದೇ. ಮಲೆನಾಡಿನವರಿಗೆ ಆರಿದ್ರೆ ಪುನರ್ವಸುಗಳಿದ್ದಂತೆ ನಮಗೆ ಇವು. ಹುನಗುಂದದ ಎರೆಹೊಲ ಈ ಮಳೆಯನ್ನು ನಿಧಾನವಾಗಿ ಕುಡಿದು ಹೊಟ್ಟೆಯಲ್ಲಿಟ್ಟುಕೊಳ್ಳಬೇಕು. ಆಮೇಲೆ ಬಿತ್ತಿದ ಬಿಳಿಜೋಳ ಆ ಹಸಿಯ ಮೇಲೆಯೇ ಚಳಿಗಾಲವಿಡೀ ಬೆಳೆಯಬೇಕು. ಮಳೆ ಹದಿನೈದು ದಿನ ತಡವಾದರೆ ಹದ ತಪ್ಪಿತು. ಹದಿನೈದು ದಿನದ ಮಳೆ ಎರಡು ತಾಸಿನಲ್ಲಿ ಸುರಿದರೆ ಒಡ್ಡು ಒಡೆದು, ನೀರಿನ ಜೊತೆಗೆ ಮಣ್ಣೂ ಹೊಳೆ ಸೇರಿತು. ಮಳೆಮಾಪಕದ ಅಂಕಿ ಮಾತ್ರ 'ವಾಡಿಕೆಯಷ್ಟೇ' ಎಂದು ತೋರಿಸುತ್ತದೆ. ಹೊಲದಲ್ಲಿ ಜೋಳವಿಲ್ಲದ ವರ್ಷ ಇಳಕಲ್ಲಿನ ಅಂಗಡಿಯಲ್ಲಿ ಸೀರೆಯ ಗಂಟು ಬಿಚ್ಚುವುದಿಲ್ಲ. ಮಳೆ ಹಿಡಿದು ಕುಳಿತರೆ ಕುಣಿಮಗ್ಗದ ಕುಣಿಯಲ್ಲಿ ನೀರು ಜಿನುಗುತ್ತದೆ, ಗಂಜಿ ಹಾಕಿದ ಹಾಸು ಒಣಗುವುದಿಲ್ಲ. ಟೋಪ ತೆನಿ ಸೆರಗಿನ ಸೊಗಸನ್ನು ಹೊಗಳಿ ಲೇಖನ ಬರೆಯುವ ನಮ್ಮವರು ಆ ಸೆರಗಿನ ತುದಿ ಯಾವ ಯಾವ ಸಮುದ್ರಕ್ಕೆ ಕಟ್ಟಿದೆಯೆಂದು ನೋಡಿದವರಲ್ಲ.

ಇನ್ನು ಎರಡನೆಯ ತಕರಾರು, ಇದೇ ದೊಡ್ಡದು. ಮಾಸ್ತರರಂತೆ ನಗುವವರಿಗಿಂತ ನನಗೆ ಹೆಚ್ಚು ಭಯ ತಲೆದೂಗುವವರದು. ಹೊಳೆ ಬಂದು ಊರು ಮುಳುಗಿದಾಗ ವೇದಿಕೆ ಏರಿ 'ಹವಾಮಾನ ವೈಪರೀತ್ಯ' ಎಂದು ನಿಟ್ಟುಸಿರು ಬಿಡುವವರು ಇವರು. ಆ ಎರಡು ಶಬ್ದ ಇವರಿಗೆ ಗಂಗಾಸ್ನಾನ. ಮುಳುಗಿ ಎದ್ದರೆ ಮಾಡಿದ್ದೆಲ್ಲ ತೊಳೆದುಹೋಯಿತು. ಧ್ರುವದ ಹಿಮಕ್ಕೆ ಸಮನ್ಸು ಕಳಿಸಲಾಗುವುದಿಲ್ಲವೆಂಬ ಧೈರ್ಯ.

2009ನ್ನು ನೆನೆಯಿರಿ. ದೇಶದಲ್ಲಿ ಆ ವರ್ಷ ಮಾನ್ಸೂನು ವಾಡಿಕೆಗಿಂತ 22 ಪ್ರತಿಶತ ಕಡಿಮೆ. ಸೆಪ್ಟೆಂಬರ್ ಕೊನೆಯ, ಅಕ್ಟೋಬರ್ ಮೊದಲ ದಿನಗಳ ಹಸ್ತ ಮಳೆಯಲ್ಲಿ ಉತ್ತರ ಕರ್ನಾಟಕ ಮುಳುಗಿತು; ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಮೋಡ ಬಂದದ್ದು ಬಂಗಾಳ ಉಪಸಾಗರದ ವಾಯುಭಾರ ಕುಸಿತದಿಂದ. ಅದನ್ನು ಧ್ರುವದ ತಲೆಗೆ ಕಟ್ಟಲು ನಾನು ಸಿದ್ಧನಿಲ್ಲ. ಆಮೇಲೆ ಎತ್ತರದಲ್ಲಿ 'ಆಸರೆ' ಮನೆಗಳೆದ್ದವು. ಎಷ್ಟೋ ಕಡೆ ಜನ ಅಲ್ಲಿಗೆ ಹೋಗಿ ನೆಲೆಸಲಿಲ್ಲ. 2019ರ ಆಗಸ್ಟಿನಲ್ಲಿ ಘಟ್ಟದ ಮಳೆಗೆ ನವಿಲುತೀರ್ಥದ ಅಣೆಕಟ್ಟು ತುಂಬಿ ನೀರು ಬಿಟ್ಟಾಗ ಮಲಪ್ರಭೆ ಮತ್ತೆ ಬಂದಳು. ಪಟ್ಟದಕಲ್ಲಿನ ಗುಡಿಗಳ ಸುತ್ತ ನೀರು ನಿಂತಿತು. ಗೋವನಕೊಪ್ಪ, ಚೊಳಚಗುಡ್ಡದ ಕಡೆಯವರು ಮತ್ತೆ ಗಂಟುಮೂಟೆ ಹೊತ್ತರು. ನಾಲ್ಕು ವರ್ಷ ಕಳೆದು 2023ರಲ್ಲಿ, 1901ರಿಂದೀಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್. ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಸರಕಾರವೇ ಸಾರಿತು.

ಈ ಹೊಳೆ ಇಷ್ಟು ಬೇಗ ಉಕ್ಕುವುದೇಕೆ? ಅಣೆಕಟ್ಟಿನ ಕೆಳಗೆ ವರ್ಷದ ಬಹುಕಾಲ ಮಲಪ್ರಭೆ ಬತ್ತಿರುತ್ತಾಳೆ. ಬತ್ತಿದ ಹೊಳೆಯ ದಂಡೆಗೆ ಮೊದಲು ಒಂದು ಸಾಲು ಕಬ್ಬು ಇಳಿಯಿತು, ಮರುವರ್ಷ ಹತ್ತು ಸಾಲು, ಆಮೇಲೆ ಪಂಪು, ಕೊನೆಗೆ ಬೇಲಿ. ಮರಳೆತ್ತುವವರು ತಮ್ಮ ಪಾಲನ್ನು ಒಯ್ದರು. ಅಗಲವಾಗಿದ್ದ ಹೊಳೆ ಕೆಲವು ಕಡೆ ಹಳ್ಳದಷ್ಟಾಯಿತು. ಈ ಇಕ್ಕಟ್ಟಿನ ಗಂಟಲಿಗೆ ನಾಳೆ ಇನ್ನೂ ಹೆಚ್ಚಿನ ನೀರು ಒಮ್ಮೆಲೇ ಬಂದೀತು, ಇಲ್ಲವೆ ವರ್ಷಗಟ್ಟಲೆ ಬಾರದಿದ್ದೀತು ಎಂದು ವಿಜ್ಞಾನ ಹೇಳುತ್ತಿರುವಾಗ, 'ಇದು ಜಾಗತಿಕ ಸಮಸ್ಯೆ' ಎಂದು ಕೈಚೆಲ್ಲುವುದು ಎಂಥ ನ್ಯಾಯ? ಕಾರಾ ಸಮುದ್ರಕ್ಕೆ ನಾವು ಹಿಮ ಕಟ್ಟಲಾರೆವು. ಹೊಳೆಯ ಎಲ್ಲೆಯನ್ನು ಅಳೆದು ಕಲ್ಲು ನೆಡಬಲ್ಲೆವು. ಎರೆಹೊಲಕ್ಕೆ ಒಡ್ಡು, ಒಡ್ಡಿಗೆ ಕಲ್ಲಿನ ಕೋಡಿ ಕಟ್ಟುವ ಬುದ್ಧಿ ಹುನಗುಂದ ಸೀಮೆಯ ಹಿರಿಯರಿಗಿತ್ತು. ಅವರು ಯಾವ ವರದಿಯನ್ನೂ ಓದಿರಲಿಲ್ಲ.

ಮುಂದಿನ ವಾರ ಇದನ್ನೆಲ್ಲ ಮಾಸ್ತರರ ಮುಂದೆ ಒಪ್ಪಿಸಿದೆ. ಅವರು ನಗಲಿಲ್ಲ. ಬಹಳ ಹೊತ್ತು ಅಂಗಳ ನೋಡುತ್ತ ಕುಳಿತರು.

"ಕಲ್ಲು ನೆಡಬೇಕು ಅಂತೀರಿ."

"ಹೌದ್ರೀ ಮಾಸ್ತರ."

"ನೆಟ್ರ ನಮ್ಮ ತಮ್ಮನ ಎರಡ ಎಕರೆ ಕಬ್ಬು ಹೊಳಿ ಒಳಗ ಬರ್ತದ್ರೀ," ಎಂದರು. ಸ್ವಲ್ಪ ತಡೆದು, "ನಿಮ್ಮ ಮಾವನವರ ಹೊಲಾನೂ ಅದರ ಬಾಜೂಕನ ಅದ."