ದನಿಗೂ ಒಂದು ಲಿಪಿ ಬೇಕು

ಡೊಂಬಿವಲಿಯಿಂದ ಮುಂಬಯಿಗೆ ಹೊರಡುವ ಬೆಳಗಿನ ಲೋಕಲಿನಲ್ಲಿ ಪುಸ್ತಕ ಬಿಚ್ಚಲು ಜಾಗವಿರುವುದಿಲ್ಲ. ಬಿಡುವಿರುವುದು ಕಿವಿಗೆ ಮಾತ್ರ. ಆ ಹೊತ್ತಿಗೆಂದೇ ಬೆರಳುದ್ದದ ಒಂದು ಎಂಪಿ3 ಪ್ಲೇಯರನ್ನು ಜೇಬಿನಲ್ಲಿ ಇಟ್ಟುಕೊಂಡಿರುತ್ತೇನೆ.

ಕಳೆದ ದೀಪಾವಳಿಗೆ ವಿಜಯಪುರ ಜಿಲ್ಲೆಯ ನಮ್ಮೂರಿಗೆ ಹೋದಾಗ ಹಳೆಯ ಕೀಪ್ಯಾಡ್ ಫೋನೊಂದರ ಮೆಮೊರಿ ಕಾರ್ಡ್ ಸಿಕ್ಕಿತು. ಅದರಲ್ಲಿ ಅವ್ವ ಹಾಡಿದ ಹನ್ನೊಂದು ಬೀಸುಕಲ್ಲಿನ ಪದಗಳಿದ್ದವು. ಅವ್ವ ಈಗಿಲ್ಲ. ಹಾಡುಗಳನ್ನು ಪ್ಲೇಯರಿಗೆ ತುಂಬಿಕೊಂಡು ರೈಲು ಹತ್ತಿದೆ. ಪ್ಲೇಯರು ಹಾಡಲಿಲ್ಲ, ಈ ನಮೂನೆಯ ಕಡತ ತನಗೆ ಹೊಂದುವುದಿಲ್ಲವೆಂಬ ಒಂದು ಸಾಲು ಮಾತ್ರ ಪರದೆಯ ಮೇಲೆ ಮೂಡಿತು.

ಕಚೇರಿಯ ಗೆಳೆಯರೊಬ್ಬರು, ಕಡತದ ಹೆಸರಿನ ಕೊನೆಯಲ್ಲಿರುವ 'ಎಎಂಆರ್' ಅಳಿಸಿ 'ಎಂಪಿ3' ಎಂದು ಬರೆಯಲು ಸೂಚಿಸಿದರು. ಫಲ ದೊರೆಯಲಿಲ್ಲ. ಲಕೋಟೆಯ ಮೇಲಿನ ವಿಳಾಸ ತಿದ್ದಿದರೆ ಒಳಗಿನ ಪತ್ರದ ಭಾಷೆ ಬದಲಾಗುವುದೆ? ಎಎಂಆರ್ ದೂರವಾಣಿಯ ಮಾತಿಗೆಂದು ರೂಪುಗೊಂಡ ನಮೂನೆ. ಸಿಡಿಯಲ್ಲಿ ದನಿಯನ್ನು ಸೆಕೆಂಡಿಗೆ 44,100 ಸಲ ಅಳೆದರೆ, ಹಳೆಯ ಫೋನುಗಳ ಎಎಂಆರ್ ಅಳೆಯುವುದು 8,000 ಸಲ ಮಾತ್ರ. ಅದನ್ನು ಬಿಡಿಸಿ ಓದುವ ತಂತ್ರಾಂಶ ನನ್ನ ಪ್ಲೇಯರಿನೊಳಗೆ ಇರಲೇ ಇಲ್ಲ. ಕೊನೆಗೆ ಕಂಪ್ಯೂಟರಿನಲ್ಲಿ ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶದ ನೆರವಿನಿಂದ ಹಾಡುಗಳನ್ನು ಎಂಪಿ3ಕ್ಕೆ ಪರಿವರ್ತಿಸಿದೆ. ಆಗ ಹಾಡು ಕೇಳಿಸಿತು, ಆದರೆ ಕಡತಗಳ ಕನ್ನಡ ಹೆಸರುಗಳ ಜಾಗದಲ್ಲಿ ಖಾಲಿ ಚೌಕಗಳು ಕಂಡವು. ಇಂಗ್ಲಿಷಿನಲ್ಲಿ ಎಂ.ಎ. ಮಾಡಿದ್ದಕ್ಕೆ ಅವ್ವನ ಪದಗಳಿಗೆ ರೋಮನ್ ಅಕ್ಷರಗಳಲ್ಲಿ ಹೆಸರಿಡುವ ಕೆಲಸವೂ ಒದಗಿತು!

ಇದು ನನ್ನೊಬ್ಬನ ಪೇಚಾಟವಾಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ಹೊರನಾಡಿನ ನಮ್ಮ ಮನೆಗಳಲ್ಲಿ ಮಕ್ಕಳಿಗೆ ಊರಿನ ಕನ್ನಡ ತಲುಪುವುದು ಹೆಚ್ಚಾಗಿ ಅಜ್ಜಿಯರ ವಾಟ್ಸಾಪ್ ದನಿಸಂದೇಶಗಳಿಂದ. ಅವು 'ಓಪಸ್' ಎಂಬ ನಮೂನೆಯಲ್ಲಿರುತ್ತವೆ. ಅಗ್ಗದ ಪ್ಲೇಯರುಗಳು ಹಲವು ಅದನ್ನೂ ಓದಲಾರವು. ನನಗೆ ಅವ್ವನ ಹಾಡು ಎದುರಾದಂತೆಯೇ ನಾಳೆ ಈ ಸಂದೇಶಗಳು ನಮ್ಮ ಮಕ್ಕಳಿಗೆ ಎದುರಾಗಬಹುದು.

ಎಲ್ಲವೂ ಕಂಪನಿಗಳ ಬಳಿ ಸುರಕ್ಷಿತವಾಗಿದೆ ಎನ್ನುವವರಿದ್ದಾರೆ. ಆ ಭರವಸೆ ನನಗಿಲ್ಲ. ಮೈಕ್ರೋಸಾಫ್ಟ್ ತನ್ನ ಎಂಎಸ್ಎನ್ ಮ್ಯೂಸಿಕ್ ಮಳಿಗೆಯಲ್ಲಿ ಬೀಗ ಹಾಕಿದ ಹಾಡುಗಳನ್ನು ಮಾರಿ, ಇನ್ನು ಬೀಗದ ಕೈ ಕೊಡುವುದಿಲ್ಲವೆಂದು 2008ರಲ್ಲಿ ಪ್ರಕಟಿಸಿತು. ಹಣ ತೆತ್ತ ಹಾಡನ್ನು ಹೊಸ ಕಂಪ್ಯೂಟರಿಗೆ ಸಾಗಿಸಿ ಕೇಳಲಾಗದೆಂದು ಕೊಂಡವರು ಪ್ರತಿಭಟಿಸಿದ ಮೇಲೆ ಗಡುವನ್ನು 2011ರ ಕೊನೆಗೆ ಮುಂದೂಡಿತು. ಬೀಗದ ಕೈ ಪರರಲ್ಲಿದ್ದರೆ ಪೆಟ್ಟಿಗೆ ನಮ್ಮದಾಗಿದ್ದೂ ಏನು ಪ್ರಯೋಜನ?

ನಮ್ಮ ಜಿಲ್ಲೆಯವರೇ ಆದ ಹಲಸಂಗಿ ಗೆಳೆಯರು ಹೆಣ್ಣುಮಕ್ಕಳ ಬಾಯಲ್ಲಿದ್ದ ಪದಗಳನ್ನು ಸಂಗ್ರಹಿಸಿ 1931ರಲ್ಲಿ 'ಗರತಿಯ ಹಾಡು' ಪ್ರಕಟಿಸಿದರು. ಆ ಪುಸ್ತಕವನ್ನು ಓದಲು ಇಂದಿಗೂ ಯಾರ ಅನುಮತಿಯೂ ಬೇಕಿಲ್ಲ, ಕನ್ನಡ ಲಿಪಿ ಬಲ್ಲರೆ ಸಾಕು. ಪದಗಳು ಹೀಗೆ ಉಳಿದವು. ಹಾಡಿದವರ ದನಿಯನ್ನು ಉಳಿಸುವ ಸಾಧನ ಅವರ ಕೈಯಲ್ಲಿರಲಿಲ್ಲ. ನಮ್ಮ ಕೈಯಲ್ಲಿದೆ. ಇದ್ದೂ ಉಳಿಸದಿದ್ದರೆ ತಪ್ಪು ತಂತ್ರಜ್ಞಾನದ್ದಲ್ಲ, ನಮ್ಮದು. ಎಲ್ಲರೂ ಓದಬಲ್ಲ ಲಿಪಿಯಂತೆ ದನಿಗೂ ಎಲ್ಲ ಯಂತ್ರಗಳೂ ಓದಬಲ್ಲ ತೆರೆದ ನಮೂನೆ ಬೇಕು.

ಮಾಡಬೇಕಾದದ್ದು ದೊಡ್ಡದೇನಲ್ಲ. ಮೂಲ ಕಡತವನ್ನು ಅಳಿಸಬೇಡಿ. ಪರಿವರ್ತನೆಯಿಂದ ದನಿಯ ಗುಣ ಹೆಚ್ಚುವುದಿಲ್ಲ, ಎಂಪಿ3 ಮಾಡಿದಾಗಲಂತೂ ಇನ್ನಷ್ಟು ಸೋರಿಹೋಗುತ್ತದೆ. ಕಾಪಿಡಲು ಡಬ್ಲ್ಯುಎವಿ ಅಥವಾ ಫ್ಲ್ಯಾಕ್ ನಮೂನೆಯ ಒಂದು ಪ್ರತಿ, ಕೇಳಲು ಎಂಪಿ3 ಪ್ರತಿ ಇರಲಿ. ಎಂಪಿ3ರ ಪರವಾನಗಿ ವ್ಯವಸ್ಥೆ 2017ರಲ್ಲೇ ಕೊನೆಗೊಂಡಿದೆ, ಆ ಹಂಗೂ ಇಲ್ಲ. ಪ್ರತಿಗಳನ್ನು ಎರಡು ಬೇರೆ ಬೇರೆ ಕಡೆ ಇಡಿ. ಹಾಡಿದವರು ಯಾರು, ಯಾವ ಊರಿನಲ್ಲಿ, ಯಾವ ವರ್ಷ ಎಂಬುದನ್ನು ಜೊತೆಗೆ ಬರೆದಿಡಿ.

ನಮ್ಮ ಬಳಗದ ಸಭೆಗಳಲ್ಲಿ ಕನ್ನಡದ ಉಳಿವಿನ ಚರ್ಚೆ ಆಗಾಗ ನಡೆಯುತ್ತದೆ. ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ಮನೆಯ ಹಳೆಯ ಫೋನೊಂದನ್ನು ತರೋಣವೆಂಬುದು ನನ್ನ ಸಲಹೆ. ಪರಿವರ್ತಿಸುವ ಕೆಲಸ ನನಗಿರಲಿ. ನಿನ್ನೆ ಲೋಕಲಿನಲ್ಲಿ ಅವ್ವನ ಹಾಡು ಕೇಳುತ್ತ ಠಾಣೆ ದಾಟಿದ್ದು ತಿಳಿಯಲಿಲ್ಲ. ಮೂರನೆಯ ಪದದ ನಡುವೆ ಅವ್ವ ಹಾಡು ನಿಲ್ಲಿಸಿ, ಹಿಟ್ಟು ಸಣ್ಣಗೆ ಬರುತ್ತಿಲ್ಲವೆಂದು ಯಾರಿಗೋ ಹೇಳುತ್ತಾಳೆ. ಆ ಮಾತು ಯಾವ ಪುಸ್ತಕದಲ್ಲಿಯೂ ಸಿಗುವುದಿಲ್ಲ.