ತೋಟೆ ನಮ್ಮದಂತೆ, ಸ್ಪೇ ಸಾಹೇಬರದಂತೆ!

ಜೂನ್ ಬಂತು ಅಂದ್ರೆ ಮಲೆನಾಡಿಂದ ಬೆಂಗಳೂರಿಗೆ ಬಂದು ಕೀಬೋರ್ಡ್ ಕುಟ್ಟುವ ನಾವೆಲ್ಲ ಒಂದೇ ವಿಷಯ ಬರೀತೀವಿ. ಹತ್ತುಮೀನು! ಮೊದಲ ಮಳೆ, ಕೆಂಪು ನೀರು, ಗದ್ದೆ ಅಂಚಿನಲ್ಲಿ ಲಾಟೀನು, ಕೈಯಲ್ಲಿ ಕತ್ತಿ, ಆಮೇಲೆ ಅಮ್ಮ ಮಾಡಿದ ಮೀನು ಸಾರು. ಓದೋಕೆ ಚೆನ್ನಾಗೇ ಇರುತ್ತೆ, ಇಲ್ಲ ಅನ್ನಲ್ಲ. ಕೆಳಗೆ ನಾಲ್ಕು ಜನ "ಬಾಯಲ್ಲಿ ನೀರು ಬಂತು" ಅಂತ ಬರೆದೂ ಹೋಗ್ತಾರೆ. ಆದ್ರೆ ಇದೇ ಮಂದಿ, ನಾನು ಎರಡು ಕೈಯಲ್ಲಿ ಹಿಡಿದು ಬೀಸುವ ಸ್ಪೇ ಗಾಳದ ಕೋಲು ಕಲೀತಿದ್ದೀನಿ ಅಂದ ಕೂಡಲೇ ಮುಖ ಒಂಥರಾ ಮಾಡ್ತಾರೆ. "ಅದು ಸಾಹೇಬರ ಆಟ ಅಲ್ವಾ? ನಮ್ಮ ಹೊಳೆಗೆ ಅದೆಲ್ಲ ಯಾಕೆ?" ಎರಡು ವರ್ಷದಿಂದ ಇದನ್ನೇ ಕೇಳಿ ಕೇಳಿ ಸಾಕಾಗಿದೆ. ಒಂದ್ಸಲ ಪೂರ್ತಿ ಉತ್ತರ ಬರೆದುಬಿಡೋಣ ಅಂತ ಕೂತಿದ್ದೀನಿ. ಸ್ವಲ್ಪ ಖಾರ ಇದ್ದರೆ ಸಹಿಸ್ಕೊಳ್ಳಿ.

ಗೊತ್ತಿಲ್ಲದವರಿಗೆ ಮೊದಲು ಒಂಚೂರು ವಿವರಣೆ. ನಮ್ಮ ಮಾಮೂಲಿ ಗಾಳದಲ್ಲಿ ಎರೆಹುಳು ಇರುತ್ತೆ, ಬೇಕಾದ್ರೆ ಒಂದು ಸೀಸದ ಗುಂಡೂ ಇರುತ್ತೆ. ಎಸೆದರೆ ಆ ಭಾರ ದಾರವನ್ನು ಎಳ್ಕೊಂಡು ಹೋಗುತ್ತೆ. ಫ್ಲೈ ಗಾಳದಲ್ಲಿ ಇದು ಉಲ್ಟಾ. ಕೊಕ್ಕೆಗೆ ಪುಕ್ಕ, ನೂಲು ಸುತ್ತಿ ಹುಳುವಿನ ವೇಷ ಹಾಕಿರ್ತಾರೆ, ಅದಕ್ಕೆ ತೂಕವೇ ಇಲ್ಲ. ತೂಕ ಇರೋದು ದಾರಕ್ಕೆ. ನಾವು ಎಸೆಯೋದು ದಾರವನ್ನು, ಕೊಕ್ಕೆ ಅದರ ಹಿಂದೆ ಹೋಗುತ್ತೆ ಅಷ್ಟೆ. ಸಾಧಾರಣ ಒಂದು ಕೈಯ ಫ್ಲೈ ಕೋಲಿನಲ್ಲಿ ದಾರವನ್ನು ಮೊದಲು ಬೆನ್ನ ಹಿಂದೆ ಉದ್ದಕ್ಕೆ ಚಾಚಿ ಆಮೇಲೆ ಮುಂದೆ ಬೀಸಬೇಕು. ಬಯಲಲ್ಲಿ ಸರಿ, ಹಿಂದೆ ಮರ ಇದ್ರೆ ಕಥೆ ಮುಗೀತು.

"ನಮ್ಮಲ್ಲಿ ದಡದ ತುಂಬ ಮರ, ಅದನ್ನ ಎಲ್ಲಿ ಬೀಸ್ತೀಯ ಮಾರಾಯ?" ಅಂತ ಕೇಳುವವರಿಗೆ ಹೇಳೋದು ಇಷ್ಟೇ: ಸ್ಪೇ ಬೀಸು ಹುಟ್ಟಿದ್ದೇ ಆ ಕಾರಣಕ್ಕೆ. ಸ್ಪೇ ಅನ್ನೋದು ಸ್ಕಾಟ್ಲೆಂಡಿನ ಒಂದು ಹೊಳೆ. ಅದರ ದಡವೂ ಕಡಿದಾಗಿ, ಮರ ತುಂಬ್ಕೊಂಡು ಇರೋದ್ರಿಂದ ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿನವರು ಬೆನ್ನ ಹಿಂದೆ ಜಾಗ ಬೇಡದ ಈ ಉಪಾಯ ಕಂಡ್ಕೊಂಡ್ರು. ಕೋಲು ಹನ್ನೆರಡರಿಂದ ಹದಿನೈದು ಅಡಿ. ದಾರವನ್ನು ನೀರಿಂದ ಎತ್ತಿ, ತುದಿಯ ಸ್ವಲ್ಪ ಭಾಗವನ್ನು ಮಾತ್ರ ನಮ್ಮ ಪಕ್ಕದಲ್ಲಿ ನೀರಿಗೆ ತಾಗಿಸಿ, ಉಳಿದದ್ದು ಕೋಲಿನ ಹಿಂದೆ ಇಂಗ್ಲಿಷಿನ ಡಿ ಅಕ್ಷರದ ಹಾಗೆ ಹೊಟ್ಟೆ ಬಿಡುವಂತೆ ತರಬೇಕು. ನೀರಿಗೆ ತಾಗಿದ ತುದಿಯೇ ಲಂಗರು. ಆ ಲಂಗರು ಹಿಡಿದಿರೋವಾಗ ಡಿ ಹೊಟ್ಟೆಯ ತೂಕಕ್ಕೆ ಕೋಲು ಬಿಲ್ಲಿನ ಹಾಗೆ ಬಗ್ಗುತ್ತೆ. ಆಮೇಲಿನದು ಅರ್ಧ ಸೆಕೆಂಡಿನ ಕೆಲಸ. ಮೇಲಿನ ಕೈ ದಾರಿ ತೋರಿಸಬೇಕು, ಕೆಳಗಿನ ಕೈ ಹೊಟ್ಟೆಯ ಕಡೆ ಎಳೀಬೇಕು, ಥಟ್ಟಂತ ನಿಲ್ಲಿಸಬೇಕು. ನಿಲ್ಲಿಸಿದ್ರೇ ದಾರ ಹೋಗೋದು.

ಇಲ್ಲಿ ಬಲ ಏನೂ ಕೆಲಸಕ್ಕೆ ಬರಲ್ಲ. ಹಾರೆ, ಗುದ್ದಲಿ ಹಿಡಿದ ಕೈಗೆ ಮೇಲಿನ ಕೈಯಲ್ಲೇ ನೂಕುವ ಅಭ್ಯಾಸ. ನೂಕಿದಷ್ಟೂ ದಾರ ಮುಂದೆ ಗುಪ್ಪೆ ಬೀಳುತ್ತೆ. ಲಂಗರು ಇಟ್ಟ ಮೇಲೆ ಮುಂದೆ ಬೀಸೋದು ತಡವಾದ್ರೆ ದಾರ ನೀರಿಗೆ ಅಂಟ್ಕೊಳ್ಳುತ್ತೆ, ಬೇಗ ಆದ್ರೆ ಚಟೀರ್ ಅಂತ ಹಾರುತ್ತೆ. ದೋಟಿ ಹಿಡಿದು ಅಡಿಕೆ ಕೊನೆ ಇಳಿಸುವವರಿಗೆ ಇದು ಬೇಗ ಅರ್ಥವಾಗುತ್ತೆ. ಉದ್ದದ ಕೋಲಿನ ತುದಿ ಮಾತು ಕೇಳಬೇಕಾದ್ರೆ ಬುಡದ ಕೈ ಸರಿ ಇರಬೇಕು ಅಂತ ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಮತ್ತೆ ಗಾಳಿ. ನಂಗೆ ಈ ವಿದ್ಯೆಯಲ್ಲಿ ತುಂಬಾ ಖುಷಿ ಕೊಟ್ಟ ಭಾಗ ಇದು. ನಿಯಮ ಒಂದೇ: ಗಾಳಿ ಯಾವ ಕಡೆಗೆ ಹೋಗ್ತಿದೆಯೋ, ಲಂಗರು ಆ ಬದಿಗೆ ಇರಬೇಕು, ಇಲ್ಲಾಂದ್ರೆ ಕೊಕ್ಕೆ ಬಂದು ಕಿವಿಗೆ ಕೂರುತ್ತೆ. ಗಾಳಿ ಹೊಳೆಯ ಕೆಳಮುಖಕ್ಕೆ ಬೀಸಿದ್ರೆ ಡಬಲ್ ಸ್ಪೇ, ಮೇಲ್ಮುಖಕ್ಕೆ ಬೀಸಿದ್ರೆ ಸಿಂಗಲ್ ಸ್ಪೇ. ಈಗ ನಮ್ಮ ಭೂಗೋಳ ನೋಡಿ. ತುಂಗೆ ತೀರ್ಥಹಳ್ಳಿ ದಾಟಿ ಮೂಡಣಕ್ಕೆ ಶಿವಮೊಗ್ಗದ ಕಡೆ ಹೋಗ್ತಾಳೆ. ಅದೇ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಹೊಸನಗರ, ಸಾಗರದ ಮೇಲೆ ಹಾದು ಪಡುವಣಕ್ಕೆ ಸಮುದ್ರ ಸೇರ್ತಾಳೆ. ಅಲ್ಲಲ್ಲಿ ತಿರುವು ಇದ್ದೇ ಇರುತ್ತೆ, ಅದು ಬೇರೆ ಮಾತು. ಆದ್ರೆ ಒಟ್ಟಾರೆ ಲೆಕ್ಕದಲ್ಲಿ ಒಂದೇ ಪಡುವಣ ಗಾಳಿಗೆ ತುಂಗೆಯಲ್ಲಿ ಡಬಲ್, ಶರಾವತಿಯಲ್ಲಿ ಸಿಂಗಲ್! ಚಳಿಗಾಲದ ಮೂಡಣ ಗಾಳಿಗೆ ಎಲ್ಲ ತಿರುಗಾಮುರುಗಾ. ಒಂದು ತಾಲ್ಲೂಕಿನೊಳಗೆ ಎರಡೂ ಪಾಠ ಕಲಿಯೋಕೆ ಆಗುವಂಥ ಜಾಗ ನಮ್ಮದು. ಇದಕ್ಕೆ "ನಮ್ಮ ಹೊಳೆಗೆ ಆಗಲ್ಲ" ಅಂತೀರಲ್ಲ?

ಸರಿ, ಸಾಹೇಬರದ್ದೇ ಅಂತ ಇಟ್ಕೊಳ್ಳೋಣ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಭಾರತದ ಗಾಳದ ಬೇಟೆ ಬಗ್ಗೆ 1873ರಲ್ಲೇ ಪುಸ್ತಕ ತಂದಿದ್ದ. ಕೋಲು, ರಾಟೆ, ಫ್ಲೈ ಎಲ್ಲ ಅವರ ಕಾಲದಲ್ಲೇ ಇಲ್ಲಿಗೆ ಬಂದಿದ್ದು, ಒಪ್ಪಿದೆ. ಆದ್ರೆ ನೀವು "ನಮ್ಮ ಕಡೆ ಹೀಗೇ ಹಿಡಿಯೋದು" ಅಂತ ಸಮರ್ಥನೆ ಮಾಡ್ಕೊಳ್ಳುವ ಸಿಡಿಮದ್ದಿನ ತೋಟೆ ಎಲ್ಲಿಂದ ಬಂತು? ಡೈನಮೈಟ್ ಆಗುಂಬೆ ಘಾಟಿಯಲ್ಲಿ ಬೆಳೆಯುತ್ತಾ? ಸ್ವೀಡನ್ನಿನ ಆಲ್ಫ್ರೆಡ್ ನೊಬೆಲ್ 1867ರಲ್ಲಿ ಪೇಟೆಂಟ್ ಮಾಡಿಸಿದ ಸರಕು ಅದು. ಬ್ಲೀಚಿಂಗ್ ಪೌಡರ್ ಯಾವ ಅಜ್ಜನ ಕಾಲದ್ದು? ಬ್ಯಾಟರಿಗೆ ಇನ್ವರ್ಟರ್ ಸಿಕ್ಕಿಸಿ ಹೊಂಡಕ್ಕೆ ಕರೆಂಟ್ ಬಿಡೋದು ಯಾವ ಜಾನಪದ? ಕೆಟ್ಟದ್ದು ಬಂದಾಗ ಪಾಸ್‌ಪೋರ್ಟ್ ಕೇಳಲ್ಲ, ಕಲಿಯೋಕೆ ಕಷ್ಟ ಇರುವ ಒಂದು ವಿದ್ಯೆ ಬಂದ್ರೆ ಮಾತ್ರ ಊರು, ಕುಲ ವಿಚಾರಿಸ್ತೀವಿ.

ದುಡ್ಡಿನ ಮಾತೂ ಬರುತ್ತೆ. "ಕಾರ್ಬನ್ ಕೋಲಿಗೆ ಅಷ್ಟು ಸಾವಿರ ಸುರೀತೀಯಲ್ಲ" ಅಂದ್ರು ನಮ್ಮ ದೊಡ್ಡಪ್ಪ. ಹೇಳುವಾಗ ಅವರು ಒರಗಿ ನಿಂತಿದ್ದು ಅಡಿಕೆ ಕೊನೆ ಕೊಯ್ಯೋಕೆ, ಔಷಧಿ ಹೊಡೆಯೋಕೆ ಅಂತ ತಂದ ಕಾರ್ಬನ್ ಫೈಬರ್ ದೋಟಿಗೆ :) ಅದರ ಬೆಲೆ ನನ್ನ ಕೋಲಿಗಿಂತ ಜಾಸ್ತಿ. ಎರಡೂ ಒಂದೇ ವಸ್ತು ದೊಡ್ಡಪ್ಪ ಅಂದೆ. "ಇದರಿಂದ ಅಡಿಕೆ ಬರುತ್ತೆ, ಅದರಿಂದ ಎಂತ ಬರುತ್ತೆ? ಕೊಕ್ಕೆಯೂ ಇಲ್ಲ!" ಅಂದ್ರು.

ಕೊಕ್ಕೆ ಇಲ್ಲ, ನಿಜ. ಅಭ್ಯಾಸಕ್ಕೆ ನನ್ನ ದಾರದ ತುದಿಯಲ್ಲಿ ಇರೋದು ಹಳದಿ ಉಣ್ಣೆಯ ಚೂರು. ಬೀಸು ಕಲಿಯೋಕೆ ಅಷ್ಟು ಸಾಕು, ಮೀನಿಗೂ ತೊಂದರೆ ಇಲ್ಲ, ಯಾರ ಪರವಾನಗಿಯ ತಂಟೆಯೂ ಇಲ್ಲ. ಆದ್ರೆ ದೊಡ್ಡಪ್ಪನ ಪ್ರಶ್ನೆ ದೊಡ್ಡದೇ. ಅದರಿಂದ ಎಂತ ಬರುತ್ತೆ?

ನನ್ನ ವಾದ ಇರೋದು ಇಲ್ಲೇ. ಒಂದು ಸಾಧನದಿಂದ ಎಷ್ಟು ಮೀನು ಬರುತ್ತೆ ಅನ್ನೋದಕ್ಕಿಂತ, ಆ ಸಾಧನ ಹಿಡಿದವನು ಎಷ್ಟು ಮೀನು ಹಿಡಿಯೋಕೆ ಆಗಲ್ಲ ಅನ್ನೋದು ಹೊಳೆಗೆ ಮುಖ್ಯ. ಸ್ಪೇ ಬೀಸು ಕೈಗೆ ಹತ್ತೋಕೆ ತಿಂಗಳುಗಟ್ಟಲೆ ಬೇಕು. ಹತ್ತಿದ ಮೇಲೂ ದಿನಕ್ಕೆ ಎರಡೋ ಮೂರೋ ಮೀನು ಸಿಕ್ಕರೆ ಪುಣ್ಯ. ತೋಟೆಗೆ ಕಲಿಕೆಯೇ ಬೇಡ, ಬತ್ತಿಗೆ ಬೆಂಕಿ ಹಚ್ಚೋಕೆ ಬಂದ್ರಾಯ್ತು. ಅದರ ಹೊಡೆತಕ್ಕೆ ಮೀನಿನೊಳಗಿನ ಗಾಳಿಚೀಲ ಒಡೆಯುತ್ತೆ. ತೇಲಿದ್ದನ್ನು ಬಾಚ್ಕೊಂಡು ಬರ್ತಾರೆ, ಮುಳುಗಿದ್ದರ ಲೆಕ್ಕ ಯಾರಿಗೂ ಇಲ್ಲ. ಮರಿ, ಏಡಿ, ಸೀಗಡಿ ಎಲ್ಲ ಹೋಯ್ತು. ಸಿಡಿಮದ್ದು ಮತ್ತು ವಿಷ ಹಾಕಿ ಮೀನು ಹಿಡಿಯೋದು ಅಪರಾಧ ಅಂತ 1897ರ ಮೀನುಗಾರಿಕೆ ಕಾಯ್ದೆಯಲ್ಲೇ ಇದೆ. ಕಾನೂನು ಆವತ್ತಿಂದ ಇದೆ, ತೋಟೆಯೂ ಆವತ್ತಿಂದ ಇದೆ.

ಈಗ ಹತ್ತುಮೀನಿಗೆ ಬರ್ತೀನಿ. ಬೈಕೊಳ್ಳಿ ಪರವಾಗಿಲ್ಲ. ಮೊದಲ ಮಳೆಗೆ ಮೀನು ಹಳ್ಳ ಹತ್ತೋದು ವಿಹಾರಕ್ಕಲ್ಲ, ಮೊಟ್ಟೆ ಇಡೋಕೆ. ಗದ್ದೆ, ತಗ್ಗಿನ ತೆಳುವಾದ ಬೆಚ್ಚನೆ ನೀರಲ್ಲಿ ಮರಿ ಬೇಗ ಬೆಳೆಯುತ್ತೆ, ದೊಡ್ಡ ಮೀನುಗಳ ಕಾಟ ಕಡಿಮೆ. ನೀರು ಇಳಿದಾಗ ಎಲ್ಲ ವಾಪಸ್ ಹೊಳೆಗೆ. ವರ್ಷವಿಡೀ ಹೊಳೆಯಲ್ಲಿ ಇರಬೇಕಾದ ಮೀನಿನ ಬಂಡವಾಳ ಆ ಒಂದೆರಡು ವಾರದಲ್ಲಿ ನಮ್ಮ ಕಾಲ ಬುಡದಲ್ಲಿ ಹಾದು ಹೋಗುತ್ತೆ, ನಾವು ಕತ್ತಿ ತಗೊಂಡು ನಿಂತಿರ್ತೀವಿ. ಘಟ್ಟದ ಕೆಳಗೆ ಕಡಲಲ್ಲಿ ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ದೋಣಿಗಳು ದಡ ಸೇರಿರುತ್ತವೆ, ಮೀನು ಮರಿ ಮಾಡಲಿ ಅಂತ. ಅದನ್ನೇ ನಂಬಿ ಬದುಕುವವರು ಎರಡು ತಿಂಗಳು ಬಲೆ ಎತ್ತಿಡ್ತಾರೆ. ಅದೇ ದಿನಗಳಲ್ಲಿ ಘಟ್ಟದ ಮೇಲೆ, ಹೊಟ್ಟೆಪಾಡಿಗೆ ಮೀನು ಬೇಡದ ನಾವು ಶನಿವಾರದ ರಾತ್ರಿ ಬಸ್ಸು ಹಿಡಿದು ಬಂದು ಮೊಟ್ಟೆ ತುಂಬಿದ ಮೀನು ಕಡೀತೀವಿ, ಸೋಮವಾರ ಅದರ ಬಗ್ಗೆ ಲಲಿತ ಪ್ರಬಂಧ ಬರೀತೀವಿ.

ಅಜ್ಜನ ಕಾಲದಲ್ಲೂ ಕಡೀತಿದ್ರು ಅಂತೀರಿ. ಅಜ್ಜನ ಕಾಲದಲ್ಲಿ ಶರಾವತಿ ಹೊಳೆಯಾಗಿತ್ತು ಸ್ವಾಮಿ. 1964ರಲ್ಲಿ ಲಿಂಗನಮಕ್ಕಿ ಎದ್ದ ಮೇಲೆ ಸಾಗರ, ಹೊಸನಗರದ ಊರೂರುಗಳೇ ಮುಳುಗಿ ಹೊಳೆ ಕೆರೆಯಾಯ್ತು. ಮಾಣಿ, ಚಕ್ರಾ, ಸಾವೇಹಕ್ಲು ಕಟ್ಟೆಗಳೂ ಬಂದವು. ಹತ್ತುವ ದಾರಿಗಳು ಕಡಿಮೆಯಾದಷ್ಟೂ ಉಳಿದ ದಾರಿಯಲ್ಲಿ ಹತ್ತುವ ಒಂದೊಂದು ಮೀನಿಗೂ ಬೆಲೆ ಜಾಸ್ತಿ. ಈ ಕಣಿವೆಯಲ್ಲಿ ಇನ್ನೂ ಏನೇನಿದೆ ಅನ್ನೋದೇ ನಮಗೆ ಪೂರ್ತಿ ತಿಳಿದಿಲ್ಲ. ನಾಗೋಡಿ ಹೆಸರಿನ ಒಂದು ಪುಟ್ಟ ಮೀನು, ಶರಾವತಿ ಹೆಸರಿನ ಇನ್ನೊಂದು, ವಿಜ್ಞಾನಕ್ಕೆ ಗೊತ್ತಾಗಿದ್ದೇ 2006ರಲ್ಲಿ. ಎರಡೂ ಬೆರಳುದ್ದದ, ಕಲ್ಲಿನ ಸಂದಿಯ ಮೀನು. ಬ್ಲೀಚಿಂಗ್ ಪೌಡರ್ ಬಿದ್ದ ಹಳ್ಳದಲ್ಲಿ ಅವು ಇರಲ್ಲ.

ನಾನು ಮೀನು ಹಿಡಿಯೋದರ ವಿರೋಧಿ ಅಲ್ಲ, ತಿನ್ನೋದರ ವಿರೋಧಿ ಮೊದಲೇ ಅಲ್ಲ. ಸಾಗರ, ಸೊರಬದ ಕಡೆಯ ಕೆರೆಬೇಟೆಯನ್ನೇ ನೋಡಿ. ಬೇಸಿಗೆಯಲ್ಲಿ ಕೆರೆ ನೀರು ಇಳಿದಾಗ, ಹಗಲು ಹೊತ್ತು, ಊರಿನವರು ನಿಗದಿ ಮಾಡಿದ ಹೊತ್ತಿಗೆ ಎಲ್ಲರೂ ಒಟ್ಟಿಗೆ ಬಿದಿರಿನ ಕೂಣಿ ಹಿಡ್ಕೊಂಡು ಇಳೀತಾರೆ. ಎಲ್ಲರಿಗೂ ಒಂದೇ ಸಾಧನ, ಒಂದೇ ಸಮಯ, ಕೆಸರಲ್ಲಿ ಕೈ ಪಳಗಿದವನಿಗೆ ಮೀನು. ಮೊಟ್ಟೆಯ ಕಾಲವಲ್ಲ, ಮದ್ದಿಲ್ಲ. 2024ರಲ್ಲಿ ಅದೇ ಹೆಸರಿನ ಸಿನಿಮಾ ಬಂದ ಮೇಲೆ ಪಟ್ಟಣದವರಿಗೂ ಗೊತ್ತಾಯ್ತು. ಕೂಣಿಗೂ ಸ್ಪೇ ಕೋಲಿಗೂ ನಂಟಸ್ತಿಕೆ ಇದೆ ಅಂತ ನನ್ನ ಅಭಿಪ್ರಾಯ. ತೋಟೆ ಆ ಮನೆತನಕ್ಕೆ ಸೇರಿದ್ದಲ್ಲ.

ಇನ್ನೊಂದು ಕಡೆಯಿಂದ ಹೊಡೆತ ಬರುತ್ತೆ, ಅದು ಪ್ರಾಣಿದಯೆಯವರದ್ದು. "ಹಿಡಿದು ಬಿಡೋದು ಅಂದ್ರೆ ಸುಮ್ಮನೆ ಹಿಂಸೆ." ಮೀನಿಗೆ ನೋವೇ ಆಗಲ್ಲ ಅಂತ ನಾನು ವಾದ ಮಾಡಲ್ಲ. ಆದ್ರೆ ಕಾವೇರಿಯಲ್ಲಿ ಆದದ್ದು ಕೇಳಿ. ಭೀಮೇಶ್ವರಿ, ಗಾಳಿಬೋರೆ ಕಡೆ ಗಾಳದವರ ಕ್ಯಾಂಪುಗಳಿದ್ದವು. ಮಹಶೀರ್ ಹಿಡಿದು, ತೂಗಿ, ಬರ್ಕೊಂಡು, ನೀರಿಗೆ ಬಿಡೋದು. ಮೊದಲು ತೋಟೆ ಹಾಕ್ತಿದ್ದವರಲ್ಲೇ ಕೆಲವರಿಗೆ ಅಲ್ಲಿ ಗೈಡಿನ, ಕಾವಲಿನ ಕೆಲಸ ಸಿಕ್ಕಿತ್ತು. ಅಭಯಾರಣ್ಯದೊಳಗೆ ಗಾಳ ಕೂಡದು ಅಂತ 2010ರ ನಂತರದ ಒಂದೆರಡು ವರ್ಷದಲ್ಲಿ ಎಲ್ಲ ನಿಂತಿತು. ಆಮೇಲೆ ಸಂಶೋಧಕರು ಗಾಳಿಬೋರೆಯ 1998ರಿಂದ 2012ರ ತನಕದ ದಾಖಲೆ ತೆಗೆದು ನೋಡಿದ್ರು. ಆರು ಸಾವಿರಕ್ಕೂ ಹೆಚ್ಚು ಮೀನಿನ ಲೆಕ್ಕ. ಕಾವೇರಿಯದ್ದೇ ಆದ ಗೂನುಬೆನ್ನಿನ ಮಹಶೀರ್ ಅದರಲ್ಲಿ ವರ್ಷವರ್ಷಕ್ಕೂ ಕರಗ್ತಾ ಬಂದು, ಹೊರಗಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಜಾತಿ ಏರ್ತಾ ಹೋಗಿದ್ದು ಕಂಡಿದ್ದು ಆ ಪಟ್ಟಿಯಿಂದ. ಗೂನುಬೆನ್ನಿನ ಮೀನಿಗೆ ವೈಜ್ಞಾನಿಕ ಹೆಸರು ಖಚಿತವಾಗಿದ್ದು, ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿದ್ದು 2018ರಲ್ಲಿ. ಗಾಳದವರು ಬರೆದಿಡದೇ ಇದ್ದಿದ್ರೆ ಅದು ಹೋಗ್ತಿದೆ ಅನ್ನೋದೂ ಗೊತ್ತಾಗ್ತಿರಲಿಲ್ಲ.

ಶರಾವತಿಯ ಅಂಥ ಪಟ್ಟಿ ಎಲ್ಲಿದೆ? ತುಂಗೆಯದ್ದು? ಅಜ್ಜಂದಿರ ನೆನಪಿನಲ್ಲಿ ಇದೆ, "ಆಗ ಇಷ್ಟುದ್ದದ್ದು ಇತ್ತು" ಅಂತ ಕೈ ಅಗಲಿಸಿ ತೋರಿಸ್ತಾರೆ. ತೋಟೆ ಹಾಕುವವನು ಡೈರಿ ಬರೆಯಲ್ಲ.

ತೀರ್ಥಹಳ್ಳಿ ಹತ್ತಿರದ ಛಿಬ್ಬಲಗುಡ್ಡೆಗೆ ಹೋಗಿ ದೇವಸ್ಥಾನದ ಮೆಟ್ಟಿಲಲ್ಲಿ ಮಂಡಕ್ಕಿ ಎರಚಿದ್ರೆ ನೀರು ಕಪ್ಪಾಗುವಷ್ಟು ಮೀನು ಬರುತ್ತೆ. ದೇವರ ಮೀನು, ಯಾರೂ ಮುಟ್ಟಲ್ಲ, ಸಂತೋಷ. ಆದ್ರೆ ದೇವಸ್ಥಾನದ ಗಡಿ ಎಲ್ಲಿ ಮುಗಿಯುತ್ತೆ ಅಂತ ಮೀನಿಗೆ ಗೊತ್ತಿಲ್ಲ. ದೇವರು ಕಾಯದ ಜಾಗವನ್ನು ಮನುಷ್ಯರೇ ಕಾಯಬೇಕು, ಕಾಯೋಕೆ ಅಲ್ಲಿ ದಿನಾ ಯಾರಾದ್ರೂ ಇರಬೇಕು. ದಡದಲ್ಲಿ ಬೆಳಗಿಂದ ಸಂಜೆ ತನಕ ಸುಮ್ಮನೆ ನಿಂತಿರೋಕೆ ತಯಾರಿರುವ ಜನ ಅಂದ್ರೆ ಗಾಳದವರು ಮಾತ್ರ! ಅಭಯಾರಣ್ಯ ಬಿಟ್ಟು, ತುಂಗೆಯಲ್ಲಿ ಒಂದು ಐದು ಕಿಲೋಮೀಟರ್ ಗುರುತು ಮಾಡಿ, ಮೀನುಗಾರಿಕೆ ಇಲಾಖೆ, ಪಂಚಾಯ್ತಿ ಸೇರಿ ದಿನಕ್ಕೆ ಇಷ್ಟೇ ಕೋಲು ಅಂತ ಪರವಾನಗಿ ಕೊಡಲಿ. ಮುಳ್ಳಿಲ್ಲದ ಕೊಕ್ಕೆ, ಹಿಡಿದದ್ದೆಲ್ಲ ಪುಸ್ತಕದಲ್ಲಿ ಬರೀಬೇಕು, ಜೂನ್-ಜುಲೈ ಪೂರ್ತಿ ಬಂದ್. ಪರವಾನಗಿ ದುಡ್ಡಲ್ಲಿ ಊರಿನ ಇಬ್ಬರು ಹುಡುಗರಿಗೆ ಕಾವಲಿನ ಸಂಬಳ. ಇದಕ್ಕೆ ಅರ್ಜಿ ಕರಡು ಮಾಡ್ತಿದ್ದೀನಿ, ಕಾನೂನು ಗೊತ್ತಿರುವ ಗೆಳೆಯರು ನೋಡಿಕೊಟ್ಟರೆ ಉಪಕಾರ.

ಬೀಸು ಕಲಿಯೋ ಆಸೆ ಇರುವವರು ನವೆಂಬರ್ ಹೊತ್ತಿಗೆ, ಹೊಳೆ ತಿಳಿಯಾದ ಮೇಲೆ ತೀರ್ಥಹಳ್ಳಿ ಕಡೆ ಬನ್ನಿ. ಕೋಲು ಒಂದೇ ಇದೆ, ಸರದಿ ಮೇಲೆ ಬೀಸೋಣ. ಆಗ ಮೂಡಣ ಗಾಳಿ, ಸಿಂಗಲ್ ಸ್ಪೇಯಿಂದ ಶುರು. ಟೋಪಿ ಮತ್ತು ಕನ್ನಡಕ ಕಡ್ಡಾಯ, ಉಣ್ಣೆ ಚೂರೇ ಆದ್ರೂ ಕಣ್ಣಿಗೆ ಬಿದ್ದರೆ ಉರಿಯುತ್ತೆ. ದೊಡ್ಡಪ್ಪ ಅವತ್ತು ದೋಟಿ ತಂದು ತಾನೂ ನೋಡ್ತೀನಿ ಅಂದಿದ್ದಾರೆ.