ಹೆಸರು ಕೂಗಿದರೆ ಸಾಲದು, ಬೆಂಚೂ ತಿಳಿಯಬೇಕು

ಈಗ ಮನೆಮನೆಯಲ್ಲೂ ಗೋಡೆಯ ಮೇಲೇರಿ ಕುಳಿತಿರುವ ರೌಟರ್ ಎಂಬ ಪೆಟ್ಟಿಗೆಯ ಬಗ್ಗೆ ನನ್ನದೊಂದು ಬಲವಾದ ಆಕ್ಷೇಪಣೆಯಿದೆ. ಅದರ ಬೆನ್ನಿನಲ್ಲಿ ಸಾಮಾನ್ಯವಾಗಿ ನಾಲ್ಕು ಪೋರ್ಟುಗಳಿರುತ್ತವೆ. ಒಂದಕ್ಕೆ ಟಿವಿ, ಒಂದಕ್ಕೆ ಕ್ಯಾಮೆರಾಗಳ ರೆಕಾರ್ಡರ್, ಒಂದಕ್ಕೆ ಗೋಡೆಯೊಳಗಿಂದ ಮಹಡಿಗೆ ಹೋದ ಕೇಬಲ್. 'ಮೂರನೆಯ ಪೋರ್ಟಿನಲ್ಲಿ ಇರುವುದು ಯಾರಪ್ಪ?' ಎಂದು ಆ ಪೆಟ್ಟಿಗೆಯನ್ನೇ ಕೇಳಿ ನೋಡಿ. ಮನೆಬಳಕೆಯ ಅಗ್ಗದ ರೌಟರುಗಳಲ್ಲಿ ಅನೇಕವು ಈ ಪ್ರಶ್ನೆಗೆ ಬಾಯಿ ಬಿಡುವುದಿಲ್ಲ. ಅವಕ್ಕೆ ತಿಳಿಯದು ಎಂದಲ್ಲ, ತಿಳಿದೂ ಹೇಳುವುದಿಲ್ಲ. ನನ್ನ ಸಿಟ್ಟಿಗೆ ಕಾರಣ ಅದೇ.

'ಸರ್, ರೌಟರಿನ ಪುಟದಲ್ಲಿ ಪಟ್ಟಿ ಇರುತ್ತದಲ್ಲ' ಎಂದು ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಈಗಲೇ ಕೈಯೆತ್ತಿರುತ್ತೀರಿ. ಇರುತ್ತದೆ, ನಾನೂ ನೋಡಿದ್ದೇನೆ. ಅದು ಬಹುಮಟ್ಟಿಗೆ, ವಿಳಾಸ ಬೇಕೆಂದು ಬಂದು ಕೇಳಿದ ಸಾಧನಗಳಿಗೆ ರೌಟರ್ ಹಂಚಿದ ವಿಳಾಸಗಳ ದಾಖಲೆ, ಅಂದರೆ ಡಿಎಚ್‌ಸಿಪಿ ಪಟ್ಟಿ. ಹಾಜರಿ ಪುಸ್ತಕವೆನ್ನಬಹುದು, ಆದರೆ ಬಲು ಅವ್ಯವಸ್ಥಿತವಾದ ಹಾಜರಿ ಪುಸ್ತಕ. ಸಾಧನವನ್ನು ಕಿತ್ತು ಬದಿಗಿಟ್ಟರೂ ವಿಳಾಸದ ಗಡುವು ಮುಗಿಯುವವರೆಗೆ ಅದರ ಹೆಸರು ಅಲ್ಲಿ ಉಳಿಯಬಹುದು; ಮನೆಗೆ ಹೋದ ಹುಡುಗನಿಗೂ ಹಾಜರಿ! ತನ್ನ ವಿಳಾಸವನ್ನು ತಾನೇ ನಿಗದಿಪಡಿಸಿಕೊಂಡ ರೆಕಾರ್ಡರ್ ಎದುರಿಗೇ ಕುಳಿತಿದ್ದರೂ ಗೈರುಹಾಜರಿ! ಇವೆರಡೂ ಸರಿಯಿದ್ದರೂ, ಯಾರು ಯಾವ ಬೆಂಚಿನಲ್ಲಿ ಕುಳಿತಿದ್ದಾರೆಂಬುದನ್ನು ಆ ಪುಸ್ತಕ ಹೇಳುವುದೇ ಇಲ್ಲ. ಹಿಂದಿನ ಬೆಂಚಿನಿಂದ ಸದ್ದು ಬಂದರೆ, ಬರಿಯ ಹೆಸರುಗಳ ಪಟ್ಟಿ ಹಿಡಿದುಕೊಂಡು ಮೇಷ್ಟ್ರು ಏನು ಮಾಡಬೇಕು?

ಆದರೆ ಆ ಬೆಂಚಿನ ಲೆಕ್ಕ ಪೆಟ್ಟಿಗೆಯೊಳಗೇ ಇದೆ. ರೌಟರಿನಲ್ಲಿ ಸ್ವಿಚ್ ಎಂಬ ಚಿಪ್ ಒಂದಿರುತ್ತದೆ. ಪ್ರತಿಯೊಂದು ಸಾಧನಕ್ಕೂ 48 ಬಿಟ್‌ಗಳ, ಅಂದರೆ 12 ಅಂಕಾಕ್ಷರಗಳ ಒಂದು ಮ್ಯಾಕ್ ವಿಳಾಸವುಂಟು. ಸಾಧನವು ಕಳುಹಿಸುವ ಪ್ರತಿಯೊಂದು ಪೊಟ್ಟಣದ ಮೇಲೂ ಕಳುಹಿಸಿದವರ ಹೆಸರಾಗಿ ಅದು ಬರೆದಿರುತ್ತದೆ. ಸ್ವಿಚ್ ಅದನ್ನು ಓದಿ, 'ಈ ವಿಳಾಸದವನು ಈ ಪೋರ್ಟಿನಲ್ಲಿದ್ದಾನೆ' ಎಂದು ತನ್ನ ಕೋಷ್ಟಕದಲ್ಲಿ ಗುರುತು ಹಾಕಿಕೊಳ್ಳುತ್ತದೆ. ಆ ಸಾಧನ ಸಾಮಾನ್ಯವಾಗಿ 300 ಸೆಕೆಂಡುಗಳ ಕಾಲ ಮೌನವಾಗಿದ್ದರೆ ಗುರುತು ಅಳಿಸಿಹೋಗುತ್ತದೆ. ಈ ಕೋಷ್ಟಕವಿಲ್ಲದಿದ್ದರೆ ಸ್ವಿಚ್ ತನಗೆ ಬಂದ ಪ್ರತಿಯೊಂದು ಪೊಟ್ಟಣವನ್ನೂ ಉಳಿದೆಲ್ಲ ಪೋರ್ಟುಗಳಿಗೆ ಸುರಿಯಬೇಕಾಗುತ್ತಿತ್ತು. ಅಂದಮೇಲೆ ನಮ್ಮ ಪ್ರಶ್ನೆಗೆ ಉತ್ತರವು ಕ್ಷಣಕ್ಷಣವೂ ಅಲ್ಲಿ ಬರೆಯಲ್ಪಡುತ್ತಿದೆ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತಾಯಿತಲ್ಲವೇ ನಮ್ಮ ಪಾಡು?

ತಯಾರಕರ ಪರವಾಗಿ ಒಂದು ಮಾತು ಹೇಳಬಹುದು. ಅನೇಕ ರೌಟರುಗಳಲ್ಲಿ ಸ್ವಿಚ್ ಚಿಪ್‌ಗೂ ಮುಖ್ಯ ಪ್ರೊಸೆಸರ್‌ಗೂ ನಡುವೆ ಇರುವುದು ಒಂದೇ ಒಳದಾರಿ. ಆದ್ದರಿಂದ ಒಳಗಿನ ತಂತ್ರಾಂಶದ ಕಣ್ಣಿಗೆ ನಾಲ್ಕು ಪೋರ್ಟುಗಳೂ ಒಂದೇ ಬಾಗಿಲಾಗಿ ಕಾಣುತ್ತವೆ. ನಿಜ. ಆದರೆ ಚಿಪ್ಪನ್ನು ಕೇಳಿ ತಿಳಿಯುವ ದಾರಿ ಹಲವು ಮಾದರಿಗಳಲ್ಲಿದೆ. 2004ರಲ್ಲಿ ಆರಂಭವಾದ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶವನ್ನೇ ನೋಡಿ. 2021ರ ಅದರ ಆವೃತ್ತಿಯಿಂದೀಚೆಗೆ ಅನೇಕ ರೌಟರುಗಳಲ್ಲಿ ಪೋರ್ಟುಗಳು ಲ್ಯಾನ್1, ಲ್ಯಾನ್2 ಎಂದು ಬೇರೆ ಬೇರೆಯಾಗಿಯೇ ಕಾಣಿಸಿಕೊಳ್ಳುತ್ತವೆ. ಒಂದು ಆಜ್ಞೆ ಕೊಟ್ಟರೆ ಯಾವ ಮ್ಯಾಕ್ ವಿಳಾಸ ಯಾವ ಪೋರ್ಟಿನಲ್ಲಿದೆಯೆಂದು ಸಾಲಾಗಿ ಬರುತ್ತದೆ. ಸ್ವಯಂಸೇವಕರಿಗೆ ಸಾಧ್ಯವಾದದ್ದು, ಹಣ ಪಡೆದು ಮಾರುವವರಿಗೆ ಸಾಧ್ಯವಾಗದೆ?

ಇನ್ನು 'ಜನಸಾಮಾನ್ಯರಿಗೆ ಇದೆಲ್ಲ ಏಕೆ, ಇಂಟರ್ನೆಟ್ ಬಂದರೆ ಸಾಕಲ್ಲ' ಎನ್ನುವ ಹಿತೈಷಿಗಳಿದ್ದಾರೆ. ಈ ದಯೆಯನ್ನು ನಾನು ಒಪ್ಪಲಾರೆ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶವು ಜನಸಾಮಾನ್ಯರ ಕ್ಯಾಮೆರಾ, ರೆಕಾರ್ಡರ್, ರೌಟರುಗಳನ್ನೇ ಹುಡುಕಿ, ಯಾರೂ ಬದಲಿಸದ ಕಾರ್ಖಾನೆಯ ಪಾಸ್‌ವರ್ಡುಗಳಿಂದ ಒಳನುಗ್ಗಿತು. ಆ ವರ್ಷದ ಅಕ್ಟೋಬರ್ 21ರಂದು ಅಂತಹ ಸಾಧನಗಳ ಪಡೆಯು ಡೈನ್ ಎಂಬ ಸಂಸ್ಥೆಯ ಮೇಲೆ ಮುಗಿಬಿದ್ದುದರಿಂದ ಟ್ವಿಟರ್‌ನಂತಹ ದೊಡ್ಡ ತಾಣಗಳೇ ಅನೇಕರಿಗೆ ಸಿಗದಾದವು. ದಾಳಿ ಮಾಡಿದ ಯಂತ್ರ ತಮ್ಮ ಅಟ್ಟದ ಮೇಲಿದೆಯೆಂದು ಅದರ ಒಡೆಯರಿಗೆ ತಿಳಿಯುವ ಬಗೆಯಾದರೂ ಹೇಗೆ? ತಿಳಿದರೂ ಯಾವ ಕೇಬಲನ್ನು ಕೀಳಬೇಕು?

ನಮ್ಮ ಬಡಾವಣೆಯಲ್ಲಿ ಸಂಪರ್ಕ ಕೊಟ್ಟವರು ಇನ್ನೂ ಒಂದು ಹೆಜ್ಜೆ ಮುಂದೆ. ರೌಟರಿನ ಅಡ್ಮಿನ್ ಪಾಸ್‌ವರ್ಡನ್ನೇ ಅವರು ಹೇಳುವುದಿಲ್ಲ. ಕೇಳಿದರೆ, 'ನಿಮಗ್ಯಾಕೆ ಸರ್, ಏನಾದರೂ ಆದರೆ ಫೋನ್ ಮಾಡಿ' ಎನ್ನುತ್ತಾರೆ. ಬಾಡಿಗೆ ನಾವು ಕಟ್ಟುವುದು, ಕರೆಂಟು ನಮ್ಮದು, ಗೋಡೆ ನಮ್ಮದು. ಬೀಗದ ಕೈ ಮಾತ್ರ ಅವರದು!

ತಯಾರಕರ ಮನಸ್ಸು ಕರಗುವವರೆಗೆ ಕಾಯಬೇಕಾಗಿಲ್ಲ. ಒಂದು ಭಾನುವಾರ ಬಿಡುವು ಮಾಡಿಕೊಂಡು ಕೇಬಲುಗಳನ್ನು ಒಂದೊಂದಾಗಿ ಸಾಧನದ ಕಡೆಯಿಂದ ಬಿಚ್ಚಿ, ರೌಟರಿನಲ್ಲಿ ಯಾವ ದೀಪ ಆರಿತೆಂದು ನೋಡಿ. ಕ್ಯಾಮೆರಾ ರೆಕಾರ್ಡಿಂಗ್ ಅಥವಾ ಯಾರದಾದರೂ ಆನ್‌ಲೈನ್ ಪಾಠ ನಡೆಯುತ್ತಿರುವಾಗ ಈ ಕೆಲಸ ಬೇಡ. ತಿಳಿದುದನ್ನು ಚೀಟಿಯಲ್ಲಿ ಬರೆದು ಕೇಬಲಿನ ಎರಡೂ ತುದಿಗೆ ಅಂಟಿಸಿ; ಸಾಧನದ ತಳದಲ್ಲಿ ಮುದ್ರಿಸಿರುವ ಮ್ಯಾಕ್ ವಿಳಾಸವನ್ನೂ ಬರೆದಿಡಿ. ಮಹಡಿಯಲ್ಲಿ ಇನ್ನೊಂದು ಚಿಕ್ಕ ಸ್ವಿಚ್ ಇದ್ದರೆ, ಅದಕ್ಕೆ ಜೋಡಿಸಿದ ಸಾಧನವನ್ನು ಬಿಚ್ಚಿದಾಗ ಕೆಳಗಿನ ದೀಪ ಆರುವುದಿಲ್ಲ. ಒಂದೇ ಬೆಂಚಿನಲ್ಲಿ ನಾಲ್ವರು ಕುಳಿತ ಹಾಗೆ. ಅಲ್ಲಿಗೂ ಹೋಗಿ ನೋಡಬೇಕು.

ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇಂತಹ ತಂತ್ರಾಂಶ ಬರೆಯುವ ಕೆಲಸದಲ್ಲಿರುವ ನನ್ನ ಶಿಷ್ಯರೇ, ನಿಮ್ಮಲ್ಲಿ ಒಂದು ಕೋರಿಕೆ. ಮುಂದಿನ ಆವೃತ್ತಿಯ ಆ ಪಟ್ಟಿಯಲ್ಲಿ, ಹೆಸರು ಮತ್ತು ವಿಳಾಸದ ಪಕ್ಕದಲ್ಲಿ, 'ಪೋರ್ಟ್' ಎಂಬ ಇನ್ನೊಂದು ಕಲಂ ಸೇರಿಸಿ. ಮೇಲಧಿಕಾರಿಗಳು ಬೇಡವೆಂದರೆ ಏಕೆ ಬೇಡವೆಂದು ಕೇಳಿ, ಅವರ ಉತ್ತರವನ್ನು ನನಗೂ ಬರೆದು ತಿಳಿಸಿ.